ನಮ್ಮೂರಲ್ಲಿ ಸೋಲಾರ್ ಯೂನಿಟ್ ಯಾಕೆ ಕಮ್ಮಿ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಚಳ್ಳಕೆರೆಯ ಭಾವನ ಮನೆಯಲ್ಲೂ ಅಷ್ಟೇ ಇದೆ. ಆದರೆ ವರ್ಷದ ಲೆಕ್ಕದಲ್ಲಿ ಅವರಿಗೆ ಬರುವಷ್ಟು ಯೂನಿಟ್ ನಮಗಿಲ್ಲ. ಪ್ಯಾನೆಲ್ ಸರಿ ಇಲ್ವಾ? ಇನ್ನೊಂದು ಡೌಟು. ಯಾವ ರಾಜ್ಯದಲ್ಲಿ ಎಷ್ಟು ಸೋಲಾರ್ ಹಾಕಬಹುದು ಅನ್ನುವ ಹಳೆ ಸರ್ಕಾರಿ ಪಟ್ಟಿಯಲ್ಲಿ ಕರ್ನಾಟಕಕ್ಕೆ ಸುಮಾರು 25 ಗಿಗಾವ್ಯಾಟ್, ಜಮ್ಮು-ಕಾಶ್ಮೀರಕ್ಕೆ 111 ಅಂತ ಇದೆ. ಹಿಮ ಬೀಳುವ ಕಡೆ ನಮಗಿಂತ ಬಿಸಿಲು ಜಾಸ್ತಿನಾ?

ಉತ್ತರ: ವರ್ಷದ ಲೆಕ್ಕ ಬಿಡಿ, ಇಬ್ಬರದ್ದೂ ಫೆಬ್ರವರಿ ರೀಡಿಂಗ್ ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಒಳ್ಳೆ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬರಬೇಕು. ಬರ್ತಾ ಇದ್ದರೆ ಪ್ಯಾನೆಲ್ ಸರಿ ಇದೆ, ಯೂನಿಟ್ ತಿನ್ನುತ್ತಿರುವುದು ನಿಮ್ಮ ಮಳೆಗಾಲ. ಬರ್ತಾ ಇಲ್ಲ ಅಂದ್ರೆ ನೆರಳು ನೋಡಿ. ಅಡಿಕೆ ಮರದ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಅದರ ಜತೆ ಜೋಡಿಸಿದ ಉಳಿದವುಗಳ ಉತ್ಪಾದನೆಗೂ ಹೊಡೆತ ಬೀಳಬಹುದು. ಮಲೆನಾಡಿನಲ್ಲಿ ಪ್ಯಾನೆಲ್‌ನ ಕೆಳ ಅಂಚಿಗೆ ಪಾಚಿ ಕಟ್ಟುವುದೂ ಉಂಟು, ಒರೆಸಿ.

ಇನ್ನು ಆ ಪಟ್ಟಿ. ಅದು ಬರೀ ಬಿಸಿಲಿನ ಲೆಕ್ಕ ಅಲ್ಲ. ರಾಜ್ಯದ ಪಾಳು ಭೂಮಿಯ ಶೇ. 3ರಷ್ಟು ಜಾಗಕ್ಕೆ ಪ್ಯಾನೆಲ್ ಹಾಸಿದರೆ ಎಷ್ಟಾಗುತ್ತದೆ ಅಂತ ಹಾಕಿದ ಲೆಕ್ಕ. ಆಗ ಲಡಾಖ್ ಕೂಡ ಜಮ್ಮು-ಕಾಶ್ಮೀರದಲ್ಲೇ ಇತ್ತು. ಅಲ್ಲಿ ಪಾಳು ಭೂಮಿಗೇನು ಬರ! ಲಡಾಖಿನ ಬಿಸಿಲೂ ಕಮ್ಮಿಯದಲ್ಲ: ಎತ್ತರದ ಜಾಗ, ತೆಳು ಗಾಳಿ, ಮೋಡ ಅಪರೂಪ. ಚಳಿಯೂ ಪ್ಯಾನೆಲ್‌ಗೆ ಒಳ್ಳೆಯದೇ. ಪ್ಯಾನೆಲ್ ಬಿಸಿ 25 ಡಿಗ್ರಿ ದಾಟಿದರೆ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಆದರೆ ಆ ಕರೆಂಟನ್ನು ಬೆಟ್ಟ ದಾಟಿಸಿ ತರಲು ಲೈನ್ ಎಳೆಯಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಮ್ಮ ಪಾವಗಡದಲ್ಲಿ ರೈತರ ಮಳೆಯಾಶ್ರಿತ ಜಮೀನನ್ನೇ ಗುತ್ತಿಗೆಗೆ ಪಡೆದು, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ (ಅಂದ್ರೆ 2 ಗಿಗಾವ್ಯಾಟಿಗೂ ಸ್ವಲ್ಪ ಜಾಸ್ತಿ) ಪಾರ್ಕ್ ಕಟ್ಟಿದರು. ಪಾಳು ಭೂಮಿಯೇ ಬೇಕು ಅಂತಿಲ್ಲ. ಹಾಗಾಗಿ 25 ಗಿಗಾವ್ಯಾಟ್ ಅಂದ್ರೆ ನಮ್ಮ ಮಿತಿ ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಥ್ಯಾಂಕ್ಸ್ ಸರ್. ಹಾಗಾದ್ರೆ ನಮ್ಮ ಕುಂದಾದ್ರಿ ಮೇಲೆ ಗಾಳಿ ಫ್ಯಾನ್ ಹಾಕಬಹುದಲ್ವಾ? ಎಂಥಾ ಗಾಳಿ ಅಲ್ಲಿ!

ಉತ್ತರ: ಜೋರು ಗಾಳಿ ಇದ್ದರೆ ಸಾಲದು, ಒಂದೇ ಸಮ ಬೀಸಬೇಕು. ಕಾಡು, ಕಣಿವೆ ಇರುವ ಕಡೆ ಗಾಳಿ ಸುಳಿ ಸುತ್ತುತ್ತದೆ. ಅಷ್ಟುದ್ದದ ರೆಕ್ಕೆಯನ್ನು ಘಾಟಿ ರಸ್ತೆಯಲ್ಲಿ ಸಾಗಿಸುವುದೂ ಸುಮ್ನೆ ಮಾತಲ್ಲ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ (ವೇಗ × ವೇಗ × ವೇಗ) ತಕ್ಕಂತೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ಇದ್ದದ್ದು 6 ಆದರೆ ಶಕ್ತಿ ಶೇ. 73ರಷ್ಟು ಹೆಚ್ಚುತ್ತದೆ. ಅದಕ್ಕೇ ಗದಗ, ಚಿತ್ರದುರ್ಗದ ಬೋಳು ಗುಡ್ಡಗಳಿಗೆ ಬೇಡಿಕೆ. ಕನ್ಯಾಕುಮಾರಿ ಜಿಲ್ಲೆಯ ಮುಪ್ಪಂದಲ್‌ನಲ್ಲೂ ಇದೇ ಕಥೆ, ಅಲ್ಲಿ ಘಟ್ಟದ ಸಂದಿಯಲ್ಲಿ ಗಾಳಿ ನುಗ್ಗಿ ಬರುತ್ತದೆ.

ನಿಮ್ಮ ಪ್ಯಾನೆಲ್ ಮಂಕಾಗುವ ಜೂನ್-ಸೆಪ್ಟೆಂಬರಿನಲ್ಲೇ ಗದಗದ ಫ್ಯಾನುಗಳು ಜೋರು ತಿರುಗುತ್ತವೆ, ಲಿಂಗನಮಕ್ಕಿಗೆ ನೀರೂ ಬರುತ್ತದೆ. ಗ್ರಿಡ್‌ನಲ್ಲಿ, ಅಂದ್ರೆ ರಾಜ್ಯದ ಕರೆಂಟ್ ಲೈನುಗಳ ಜಾಲದಲ್ಲಿ, ಎಲ್ಲವೂ ಸೇರುವುದರಿಂದ ನಿಮ್ಮ ಯೂನಿಟ್ ಕಮ್ಮಿಯಾದರೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮನೆ ಮೇಲೆ ಸಣ್ಣ ಫ್ಯಾನ್ ಹಾಕಿಸುವ ಆಸೆ ಮಾತ್ರ ಬಿಡಿ. ಆ ದುಡ್ಡಿಗೆ ಇನ್ನೆರಡು ಪ್ಯಾನೆಲ್ ಹಾಕಿಸಿಕೊಳ್ಳಿ.