ಅಮ್ಮ ನೋವಿನ ಮಾತ್ರೆ ಬೇಡ ಅಂತಾರೆ, ಶಿಲುಬೆ ಹೊರಬೇಕಂತೆ. ಏನು ಹೇಳಲಿ?

ಬೆಂಗಳೂರಿನ ಮಗಳು:
ಅಮ್ಮನಿಗೆ ಕ್ಯಾನ್ಸರ್, ಮೂಳೆಗೆ ಹರಡಿದೆ. ಇನ್ನು ಕೀಮೋ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಅಂತ ಹೇಳಿ ಡಾಕ್ಟರ್ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಬಿಡುತ್ತಾರೆ. ಕೇಳಿದರೆ, ಶಿಲುಬೆಗೆ ಏರಿಸುವಾಗ ನೋವು ಮಂಕಾಗಲಿ ಅಂತ ಯೇಸುವಿಗೆ ರಕ್ತಬೋಳ (ಒಂದು ಗಿಡದ ಅಂಟು) ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಆತ ಕುಡಿಯಲಿಲ್ಲ, ನನಗೂ ಬೇಡ ಅಂತಾರೆ. ಇನ್ನೊಂದು ಕಡೆ ಪ್ರಾರ್ಥನೆಯ ಗುಂಪಿನವರು ಬಂದು "ವಿಶ್ವಾಸ ಇಡಿ, ಖಂಡಿತ ವಾಸಿಯಾಗುತ್ತೆ" ಅಂತ ಹೇಳಿ ಹೋಗುತ್ತಾರೆ. ಅವರು ಹೋದ ಮೇಲೆ, ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆ ಅಂತ ಅಮ್ಮ ಅಳುತ್ತಾರೆ. ಏನು ಹೇಳಿ ಸಮಾಧಾನ ಮಾಡಲಿ?

ವಾರ್ಡ್ ಸಿಸ್ಟರ್:
ಮೊದಲು ನೋವು ಇಳಿಸಿ ಅಮ್ಮಾ, ಮಾತು ಆಮೇಲೆ. ಮೂಳೆ ನೋವಿನಲ್ಲಿ ಯಾವ ವಚನವೂ ತಲೆಗೆ ಹೋಗಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ಕೊಡೋದು ರೂಢಿ, ನಿಮ್ಮ ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬರಲಿ ಅಂತ ಕಾಯಬೇಡಿ. ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೂ ಜೊತೆಗೇ ಔಷಧಿ ಬರೆಸಿಕೊಳ್ಳಿ. ಹೀಗೆ ಹೊತ್ತಿಗೆ ಸರಿಯಾಗಿ ಕೊಡಬೇಕು ಅಂತ ಪಟ್ಟು ಹಿಡಿದವರಲ್ಲಿ ಮುಖ್ಯರು ಸಿಸಿಲಿ ಸಾಂಡರ್ಸ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವ ಮನೆ, ಶುರು ಮಾಡಿದವರು. ಮೊದಲು ನರ್ಸ್, ಆಮೇಲೆ ಡಾಕ್ಟರ್. ಗಟ್ಟಿ ಕ್ರೈಸ್ತ ವಿಶ್ವಾಸಿ ಕೂಡ. ಮೈ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ದೇವರ ಬಗ್ಗೆ ಪ್ರಶ್ನೆ, ಎಲ್ಲಾ ಸೇರಿ ಒಂದೇ ನೋವು ಅನ್ನೋದು ಅವರ ಮಾತು. ನೀವಿರೋದು ಬೆಂಗಳೂರು ಅಲ್ವಾ, ಮನೆಯಲ್ಲಿ ಕಷ್ಟವಾದರೆ ಅಲ್ಲಿನ ಕರುಣಾಶ್ರಯ ಅನ್ನೋ ಹಾಸ್ಪಿಸ್‌ನಲ್ಲಿ ವಿಚಾರಿಸಿ, ಅಲ್ಲಿ ದುಡ್ಡು ತೆಗೆದುಕೊಳ್ಳಲ್ಲ.

ಉಪದೇಶಿ:
ಅಮ್ಮ ಹೇಳಿದ್ದು ಮಾರ್ಕನ ಸುವಾರ್ತೆಯಲ್ಲಿ ಇದೆ, ನಿಜ. ಆದರೆ ಅದೇ ಯೇಸು ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ "ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ" ಅಂತ, ಅಂದರೆ ಈ ಸಂಕಟ ತಪ್ಪಲಿ ಅಂತ, ಬೇಡಿಕೊಂಡನಲ್ಲ, ನೋವು ಬೇಕು ಅಂತ ಹುಡುಕಿಕೊಂಡು ಹೋದವನಲ್ಲ ಅವನು. ನಮ್ಮ ಕ್ಯಾಥೊಲಿಕ್ ಧರ್ಮಸಭೆಯೂ ಮಾತ್ರೆ ಬೇಡ ಅನ್ನಲ್ಲ. 1957ರಲ್ಲೇ ಹನ್ನೆರಡನೇ ಪಯಸ್ ಪೋಪರು ಅರಿವಳಿಕೆ ವೈದ್ಯರಿಗೆ ಇದನ್ನು ಸ್ಪಷ್ಟವಾಗಿ ಹೇಳಿದರು. ಸ್ವಇಚ್ಛೆಯಿಂದ ನೋವು ಸಹಿಸಿ ದೇವರಿಗೆ ಒಪ್ಪಿಸೋದು ದೊಡ್ಡದು, ಆದರೆ ಅದು ಯಾರ ಮೇಲೂ ಕಡ್ಡಾಯವಲ್ಲ.

ಒಂದು ಮಾತು. ವಾದ ಮಾಡಿ ಅಮ್ಮನನ್ನು ಸೋಲಿಸಬೇಡಿ. ಮಾತ್ರೆ ತಗೊಂಡ ಮೇಲೂ ಅವರು ಬಿಡಬೇಕಾದದ್ದು, ಒಪ್ಪಿಸಬೇಕಾದದ್ದು ಬೇಕಾದಷ್ಟು ಉಳಿದಿರುತ್ತೆ, ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಫಾದರ್‌ನ ಕರೆಸಿ, ಅವರು ಹೇಳಿದರೆ ಕೇಳಬಹುದು. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವನ್ನೂ ಮಾಡಿಸಿ. ಅದು ಕೊನೇ ಉಸಿರಿಗೆ ಅಂತ ಕಾಯೋದು ಬೇಡ, ಕಾಯಿಲೆ ಗಂಭೀರವಾದಾಗಲೇ ಮಾಡಿಸೋದು.

ಧಾರವಾಡದ ಸಿಎಸ್‌ಐ:
ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ), ಅಂದರೆ ಪ್ರೊಟೆಸ್ಟೆಂಟ್, ಆದರೂ ಹೇಳ್ತೀನಿ. ಆ ಪ್ರಾರ್ಥನೆ ಗುಂಪಿನವರಿಗೆ ಬೈಬಲಿನ ಯೋಬನ ಗ್ರಂಥ ಓದೋಕೆ ಹೇಳಿ. ಯೋಬ ಅಂದರೆ ಎಲ್ಲಾ ಕಳೆದುಕೊಂಡು ಕಾಯಿಲೆ ಬಿದ್ದ ನೀತಿವಂತ. ಅವನ ಗೆಳೆಯರು ಏಳು ದಿನ ಸುಮ್ನೆ ಪಕ್ಕದಲ್ಲಿ ಕೂತಿದ್ದರು, ಅಲ್ಲಿವರೆಗೆ ಎಲ್ಲಾ ಚೆನ್ನಾಗಿತ್ತು. ಬಾಯಿ ಬಿಟ್ಟು "ನಿನ್ನ ತಪ್ಪು ಏನೋ ಇರಬೇಕು" ಅಂದಾಗಲೇ ಕೆಟ್ಟಿದ್ದು. ಕೊನೆಗೆ ದೇವರಿಗೆ ಸಿಟ್ಟು ಬಂದಿದ್ದು ಗೊಣಗಿದ ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ! ಅಪೊಸ್ತಲ ಪೌಲ ತನ್ನ ಮೈಯ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಕಮ್ಮಿ ಇತ್ತು ಅಂತ ಇವರು ಹೇಳ್ತಾರಾ?

ಅಮ್ಮನಿಗೆ ಬೈಬಲಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತೆ, ಒಂದು ಒಳ್ಳೇ ಮಾತಿಲ್ಲ ಕೊನೆಯಲ್ಲಿ, ಆದರೂ ಅದು ದೇವರ ಮುಂದೆಯೇ ಹೇಳಿದ ಪ್ರಾರ್ಥನೆ. ಅಳು ಬಂದರೆ ಅಳಲಿ ಬಿಡಿ.

ಬೆಂಗಳೂರಿನ ಮಗಳು:
ತುಂಬಾ ಥ್ಯಾಂಕ್ಸ್. ಅಮ್ಮನ ನಿಜವಾದ ಭಯ ಈಗ ಗೊತ್ತಾಯಿತು. ಮಾತ್ರೆ ತಗೊಂಡರೆ ಮಂಪರಲ್ಲೇ ಇರ್ತೀನಿ, ಜಪಸರ ಹೇಳೋಕೆ ಆಗಲ್ಲ, ಪ್ರಾರ್ಥನೆ ಇಲ್ಲದೆ ಸತ್ತು ಹೋಗ್ತೀನಿ ಅಂತ.

ವಾರ್ಡ್ ಸಿಸ್ಟರ್:
ಶುರುವಿನ ಕೆಲವು ದಿನ ಮಂಪರು ಇರುತ್ತೆ, ಆಮೇಲೆ ಸಾಮಾನ್ಯವಾಗಿ ಕಮ್ಮಿ ಆಗುತ್ತೆ. ಆಗದಿದ್ದರೆ ಡಾಕ್ಟರ್‌ಗೆ ಹೇಳಿ, ಡೋಸ್ ನೋಡ್ತಾರೆ. ಈಗಂತೂ ನೋವಿಗೇ ಜಪ ಆಗ್ತಿಲ್ಲ ಅಲ್ವಾ? ಇದನ್ನೇ ಅಮ್ಮನನ್ನು ಕೇಳಿ. ಮಂಪರಿದ್ದಾಗ ನೀವು ಪಕ್ಕ ಕೂತು ಜೋರಾಗಿ ಹೇಳಿ, ಅವರು ಕೇಳಿಸಿಕೊಂಡರೆ ಸಾಕು.