ಅಪ್‌ಡೇಟ್: ರಿಲ್ಯಾಕ್ಸರ್ ಬಿಟ್ಟ ಮೇಲೆ ಎರಡು ಬಗೆಯ ಕೂದಲಿನ ಆರೈಕೆ

ರಿಲ್ಯಾಕ್ಸರ್ (ಗುಂಗುರು ಕೂದಲನ್ನು ನೇರವಾಗಿಸುವ ರಾಸಾಯನಿಕ) ಬಿಟ್ಟು ಸಹಜ ಗುಂಗುರು ಕೂದಲಿಗೆ ಮರಳುವಾಗ ಹಳೆಯ ನೇರ ಭಾಗವನ್ನು ಒಮ್ಮೆಲೇ ಕತ್ತರಿಸಬೇಕೇ, ಅಲ್ಲಿಯವರೆಗೆ ಬುಡದಲ್ಲಿ ಬೆಳೆಯುವ ಹೊಸ ಗುಂಗುರಿಗೂ ಆ ನೇರ ಭಾಗಕ್ಕೂ ಒಂದೇ ಆರೈಕೆ ಸಾಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಉದ್ದವನ್ನು ಕಳೆದುಕೊಳ್ಳಲು ಮನಸ್ಸಾಗದೆ, ತುದಿಯನ್ನು ಆಗಾಗ ಸ್ವಲ್ಪ ಸ್ವಲ್ಪವೇ ಕತ್ತರಿಸುವ ದಾರಿಯನ್ನು ಆರಿಸಿಕೊಂಡೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ ಬೆಳೆಯುವುದರಿಂದ ಇದಕ್ಕೆ ತಾಳ್ಮೆ ಬೇಕು.

ರಿಲ್ಯಾಕ್ಸರ್‌ನಲ್ಲಿರುವ ಕ್ಷಾರವು ಕೆರಾಟಿನ್‌ನ ಡೈಸಲ್ಫೈಡ್ ಬಂಧಗಳನ್ನು (ಕೂದಲಿನ ಈ ಪ್ರೋಟೀನಿಗೆ ಆಕಾರ ಕೊಡುವ ಕೊಂಡಿಗಳನ್ನು) ಶಾಶ್ವತವಾಗಿ ಮುರಿಯುವುದರಿಂದ, ಒಮ್ಮೆ ನೇರವಾದ ಭಾಗವು ಯಾವ ಎಣ್ಣೆಗೂ ಮತ್ತೆ ಸುರುಳಿಯಾಗದು. ಹಾಗೆ ಭರವಸೆ ಕೊಡುವ ಜಾಹೀರಾತುಗಳನ್ನು ನಾನಂತೂ ನಂಬುವುದಿಲ್ಲ. ನಿಜವಾದ ತೊಂದರೆ ಇರುವುದು ಎರಡೂ ಕೂಡುವ ಗೆರೆಯಲ್ಲಿ. ಬೆರಳಿನಿಂದ ಸವರಿದರೆ ಒರಟು ಸುರುಳಿ ಮುಗಿದು ನುಣುಪಾದ, ತೆಳುವಾದ ಎಳೆ ಆರಂಭವಾಗುವ ಆ ಜಾಗದಲ್ಲೇ ನನ್ನ ಕೂದಲು ತುಂಡಾಗುತ್ತಿತ್ತು. ಈಗ ಕಂಡೀಷನರನ್ನು ಧಾರಾಳವಾಗಿ ಹಚ್ಚಿ, ಒದ್ದೆಯಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಆರಂಭಿಸಿ ಬುಡದತ್ತ ಸಿಕ್ಕು ಬಿಡಿಸುತ್ತಿರುವುದರಿಂದ ಬಾಚಣಿಗೆಯಲ್ಲಿ ಉಳಿಯುವ ತುಂಡುಗಳು ಗಮನಾರ್ಹವಾಗಿ ಕಡಿಮೆಯಾಗಿವೆ.

ಬುಡದ ಗುಂಗುರಿಗೆ ತೇವಾಂಶ ಹಿಡಿದಿಡುವ ಕ್ರೀಮ್, ನೇರ ಭಾಗಕ್ಕೆ ಆಗೊಮ್ಮೆ ಈಗೊಮ್ಮೆ ಪ್ರೋಟೀನ್ ಚಿಕಿತ್ಸೆ ನಡೆದಿದೆ. ಎರಡನ್ನೂ ಸಮನಾಗಿ ಕಾಣಿಸಲು ಸ್ಟ್ರೇಟ್ನರ್ ಬಳಸುವಂತೆ ಕೆಲವರು ಸೂಚಿಸಿದ್ದರು. ಅತಿಯಾದ ಬಿಸಿಯಿಂದ ಹೊಸ ಸುರುಳಿಯೂ ಸಡಿಲಗೊಳ್ಳಬಹುದಾದ್ದರಿಂದ ಆ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ.