ಖಾನಾವಳಿ ಅಡುಗೆಯನ್ನು ಪುಸ್ತಕ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಚಳ್ಳಕೆರೆಯಿಂದ, ಖಾನಾವಳಿ ನಡೆಸುವವರ ಪ್ರಶ್ನೆ

ನಮಸ್ಕಾರ. ಚಳ್ಳಕೆರೆ ಹತ್ತಿರ ರಸ್ತೆ ಬದಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಅಡುಗೆ ಅತ್ತೆಯದು, ಗಲ್ಲಾ ನನ್ನದು. ಮೆನು ಬೋರ್ಡ್ ಇಲ್ಲ. ಆ ವಾರ ಹೊಲದಲ್ಲಿ, ಸಂತೆಯಲ್ಲಿ ಏನು ಸಿಗುತ್ತೋ ಅದೇ ಊಟ.

ಅಮೆರಿಕದ ಯೂಟಾ ರಾಜ್ಯದಲ್ಲಿ ಬೌಲ್ಡರ್ ಅಂತ ಪುಟ್ಟ ಊರಿದೆ. ಸುತ್ತ ಬಂಡೆ, ಮರುಭೂಮಿ. ಅಲ್ಲಿ ಇಬ್ಬರು ಹೆಂಗಸರು 2000ದಲ್ಲಿ ಹೆಲ್ಸ್ ಬ್ಯಾಕ್‌ಬೋನ್ ಗ್ರಿಲ್ ಅನ್ನೋ ಹೋಟೆಲ್ ಶುರು ಮಾಡಿದರು. ಚಳಿಗಾಲ ಬಂದರೆ ಬಾಗಿಲು ಹಾಕುತ್ತಾರೆ. ಉಳಿದ ಕಾಲದಲ್ಲಿ ತಮ್ಮ ಹೊಲದಲ್ಲಿ ಬೆಳೆದದ್ದನ್ನೂ ಬಡಿಸುತ್ತಾರೆ. ಆ ಅಡುಗೆಯನ್ನು ಊರಿನ ಕಥೆ ಸಮೇತ ಪುಸ್ತಕವನ್ನೂ ಮಾಡಿದ್ದಾರೆ. ಇದನ್ನು ಓದಿದಾಗಿನಿಂದ ಅತ್ತೆಯ ಅಡುಗೆಯನ್ನೂ ಹಾಗೆ ಮಾಡಬಹುದಲ್ವಾ ಅಂತ ತಲೆಯಲ್ಲಿ ಕೂತಿದೆ.

ಆದರೆ ಅತ್ತೆಗೆ ಅಳತೆ ಅಂದರೆ ಕೈ. ಯಾವ ಅಡುಗೆ ಮೊದಲು, ಯಾವುದು ಆಮೇಲೆ ಅಂತ ಜೋಡಿಸೋದೂ ಗೊತ್ತಾಗುತ್ತಿಲ್ಲ. ಪ್ರಿಂಟು, ನಂಬರು ಎಲ್ಲ ಹೊಸದು. ಜೊತೆಗೆ ಮಾವನವರದ್ದು ಒಂದೇ ಮಾತು: "ಗುಟ್ಟೆಲ್ಲ ಬರೆದುಕೊಟ್ಟರೆ ಊಟಕ್ಕೆ ಯಾರು ಬರ್ತಾರೆ?" ಏನು ಮಾಡಲಿ?

ಹಿರಿಯೂರಿನಿಂದ, ಶಿಕ್ಷಕಿ

ಅಕ್ಕ, ಜನವರಿ, ಫೆಬ್ರವರಿ ಅಂತ ಅಧ್ಯಾಯ ಮಾಡಬೇಡಿ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತಲೂ ಬೇಡ. ನಮ್ಮ ಕಡೆ ಮಳೆಗಾಲ ಅನ್ನೋದೇ ಅರ್ಧ ನಂಬಿಕೆ. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆ ಆದರೆ ದೊಡ್ಡದು.

ನಿಮ್ಮ ಅತ್ತೆ ಲೆಕ್ಕ ಹಾಕೋದು ಮಳೆ ನಕ್ಷತ್ರದಲ್ಲೇ ಇರಬೇಕು, ಕೇಳಿ ನೋಡಿ. ಮೃಗಶಿರ ಜೂನ್ 8ರ ಆಸುಪಾಸು ಹುಟ್ಟುತ್ತೆ, ಆರಿದ್ರ 22ರ ಹೊತ್ತಿಗೆ. ಹೀಗೆ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಅಡುಗೆಮನೆಯೂ ಅದೇ ಲೆಕ್ಕದಲ್ಲಿ ತಿರುಗುತ್ತೆ. ಮೃಗಶಿರ ಸರಿಯಾಗಿ ಬಿದ್ದರೆ ಸ್ವಲ್ಪ ದಿನಕ್ಕೇ ಬದುವಿನ ಮೇಲೆ ಅಣ್ಣೆ, ಕನ್ನೆ, ಗೋಣಿ, ಕೀರೆ ಎಲ್ಲ ಒಟ್ಟಿಗೆ ಏಳುತ್ತವೆ. ಆಗ ಬೆರಕೆ ಸೊಪ್ಪಿನ ಬಸ್ಸಾರು. ಚಿತ್ತೆ, ಸ್ವಾತಿ ಮಳೆಗೆ ಶೇಂಗಾ ಕೀಳುತ್ತಾರೆ. ಮಣ್ಣಿನ ವಾಸನೆ ಹೋಗದ ಹಸಿ ಶೇಂಗಾ ಬೇಯಿಸೋದು ಆವಾಗ ಮಾತ್ರ. ಚಳಿಗೆ ಅವರೆ, ಹಸಿ ತೊಗರಿಕಾಯಿ. ಮಾಘದ ಹೊತ್ತಿಗೆ ಹುಣಸೆ ಬಡಿಯೋದು. ಯುಗಾದಿ ಆಚೀಚೆ ಹುಣಸೆ ಚಿಗುರು.

ಈ ಚಿಗುರಿಗೆ ಒಂದು ಪೂರ್ತಿ ಪುಟ ಕೊಡಿ. ಬಣ್ಣ ಇನ್ನೂ ಎಳೆ ಇರುವಾಗಲೇ ಬಿಡಿಸಬೇಕು. ಹಸಿರು ಗಟ್ಟಿಯಾದರೆ ನಾರು ಬರುತ್ತೆ. ಕಡ್ಡಿ ತೆಗೆದು, ಎಣ್ಣೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಬಾಡಿಸಿ, ಹುರಿದ ಶೇಂಗಾ ಹಾಕಿ ಒರಳಲ್ಲಿ ತರಿತರಿ ಅರೆದರೆ ಮುದ್ದೆಗೆ ಬೇರೇನೂ ಬೇಡ. ಹುಳಿ ಅದರಲ್ಲೇ ಇರೋದರಿಂದ ಹುಣಸೆಹಣ್ಣು ಹಾಕುವ ಹಾಗಿಲ್ಲ. ಇಂಥ ಮಾತು ಬರೆಯದಿದ್ದರೆ ಬೆಂಗಳೂರಿನಲ್ಲಿ ಓದುವವರು ಖಂಡಿತ ಹಾಕುತ್ತಾರೆ.

ಇನ್ನೊಂದು. ಆರಿದ್ರ ಆಗದಿದ್ದರೆ ದರಿದ್ರ ಅಂತಾರಲ್ಲ, ಆ ವರ್ಷದ ಅಡುಗೆಯೂ ಪುಸ್ತಕದಲ್ಲಿ ಇರಲಿ. ಪ್ರತಿ ಅಧ್ಯಾಯದಲ್ಲಿ ಮಳೆ ಬಂದರೆ ಏನು, ಬರದಿದ್ದರೆ ಏನು ಅಂತ ಎರಡೂ ಬರೆಯಿರಿ. ಸೊಪ್ಪಿಲ್ಲದ ದಿನ ಹುರುಳಿ ಕಟ್ಟಿನ ಸಾರು, ಗುರೆಳ್ಳು ಪುಡಿ, ಬಾಳಕ, ಸಂಡಿಗೆ. ನಮ್ಮ ಮಾರಿ ಕಣಿವೆ ಜಲಾಶಯ (ವಾಣಿ ವಿಲಾಸ ಸಾಗರ) 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಜನ ಉಂಡಿದ್ದಾರಲ್ವಾ? ಏನು ಉಂಡರು ಅನ್ನೋದೇ ನಿಮ್ಮ ಪುಸ್ತಕ. ಬಯಲುಸೀಮೆಯ ಹೆಸರಲ್ಲಿ ಬರುವ ಅಡುಗೆ ಪುಸ್ತಕದಲ್ಲಿ ಅರ್ಧಕ್ಕರ್ಧ ತೆಂಗಿನಕಾಯಿ ಮಸಾಲೆ ನೋಡಿದರೆ ನನಗೆ ಸಿಟ್ಟು ಬರುತ್ತೆ.

ಚಿತ್ರದುರ್ಗದಿಂದ, ಮದುವೆ ಅಡುಗೆ ಮಾಡಿಸುವವರು

ಅಳತೆ ವಿಷಯ ನಾನು ಹೇಳುತ್ತೇನೆ. ಅತ್ತೆಯವರ ಕೈಗೆ ಚಮಚ ಕೊಡಬೇಡಿ. ಕೊಟ್ಟರೆ ರುಚಿ ಕೆಡುತ್ತೆ, ಅವರಿಗೂ ಬೇಜಾರಾಗುತ್ತೆ. ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ. ಖಾರದಪುಡಿ ಡಬ್ಬಿ, ಉಪ್ಪಿನ ಡಬ್ಬಿ, ಬೇಳೆ ಡಬ್ಬಿ ಎಲ್ಲವನ್ನೂ ಅಡುಗೆಗೆ ಮುಂಚೆ ತೂಕ ಮಾಡಿ ಬರೆದಿಡಿ. ಅವರ ಪಾಡಿಗೆ ಅವರು ಅಡುಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ಎಷ್ಟು ಕಡಿಮೆ ಆಯ್ತೋ ಅಷ್ಟು ಹಾಕಿದ್ದಾರೆ ಅಂತ ಲೆಕ್ಕ. ನಮ್ಮ ಭಟ್ಟರ ಅಳತೆ ಹಿಡಿದದ್ದೂ ಹೀಗೇ. ಪಾಪ, ಅವರಿಗೆ ಗೊತ್ತೇ ಆಗಲಿಲ್ಲ. ಒಂದೇ ಅಡುಗೆಯನ್ನು ಬೇರೆ ಬೇರೆ ದಿನ ತೂಗಿ. ದಿನಕ್ಕೊಂದು ಲೆಕ್ಕ ಬರುತ್ತೆ, ಗಾಬರಿ ಬೇಡ, ನಡುವಿನದು ಹಿಡಿಯಿರಿ.

ಪಾವು, ಸೇರು ಅಂತ ಬರೆಯೋದು ಚೆಂದ, ಆದರೆ ಪಕ್ಕದಲ್ಲಿ ಗ್ರಾಂ ಇರಲೇಬೇಕು. ಒಂದೇ ಪಾವಿನಲ್ಲಿ ಹಿಟ್ಟಿನ ತೂಕ ಬೇರೆ, ಕಾಳಿನ ತೂಕ ಬೇರೆ.

ಐವತ್ತು ಜನರ ಸಾರನ್ನು ಐದು ಜನಕ್ಕೆ ಇಳಿಸುವಾಗ ಸುಮ್ನೆ ಹತ್ತರಿಂದ ಭಾಗಿಸಿದರೆ ಆಗಲ್ಲ. ಸಣ್ಣ ಪಾತ್ರೆಯಲ್ಲಿ ನೀರು ಬೇಗ ಇಂಗುತ್ತೆ, ಒಗ್ಗರಣೆ ಬೇಗ ಸೀಯುತ್ತೆ. ನಿಮ್ಮದು ಸೌದೆ ಒಲೆ, ಓದುವವರದ್ದು ಗ್ಯಾಸ್. ಆದ್ದರಿಂದ ಪ್ರತಿ ಅಡುಗೆಯನ್ನೂ ಬೇರೆ ಯಾರದಾದರೂ ಮನೆಯ ಗ್ಯಾಸ್ ಮೇಲೆ ಮಾಡಿಸಿ ನೋಡಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬಾರದು. ಹಾಳೆ ಕೊಟ್ಟು ಹೊರಗೆ ಕೂತಿರಿ.

ಹೊಸದುರ್ಗದಿಂದ, ಸಿರಿಧಾನ್ಯ ಬೆಳೆಯುವವರು

ಸಾಮೆ, ನವಣೆ, ಕೊರಲೆ ಮೂರಕ್ಕೂ ಒಂದೇ ನೀರಿನ ಲೆಕ್ಕ ಬರೆದುಬಿಡಬೇಡಿ. ಎಷ್ಟು ನೆನೆಯಬೇಕು, ಎಷ್ಟು ನೀರು ಕುಡಿಯುತ್ತೆ ಎಲ್ಲ ಬೇರೆ ಬೇರೆ. ಹೊಸ ಅಕ್ಕಿಗೂ ಹಳೆ ಅಕ್ಕಿಗೂ ವ್ಯತ್ಯಾಸ ಇದೆ. ಸೊಪ್ಪಿನ ಫೋಟೋ ಹಾಕಿದರೆ ಎಲೆ, ಕಾಂಡ, ಹೂವು ಮೂರೂ ಕಾಣಬೇಕು. ಅರ್ಧಂಬರ್ಧ ಫೋಟೋ ನೋಡಿ ಯಾರೋ ತಪ್ಪು ಗಿಡ ಕಿತ್ತು ಸಾರು ಮಾಡಿದರೆ ಕಷ್ಟ.

ಜಗಳೂರಿನಿಂದ

ಬೆಣ್ಣೆ ದೋಸೆ ಮಾತ್ರ ಸೇರಿಸಬೇಡಿ. ಅದಕ್ಕೆ ಋತುವೂ ಇಲ್ಲ, ಬರಗಾಲವೂ ಇಲ್ಲ. ದಾವಣಗೆರೆಯವರು ಕ್ಷಮಿಸಬೇಕು.

ದಾವಣಗೆರೆಯಿಂದ, ಡಿಟಿಪಿ ಕೆಲಸದವರು

ಕ್ಷಮಿಸಿದ್ದೇವೆ. ಅಕ್ಕ, ಮೊದಲಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನ ಫೈಲ್ ಬದಲಾಯಿಸುವಾಗ ಒತ್ತಕ್ಷರ ಕೆಡುತ್ತೆ, ಕಾಲು, ಅರ್ಧ ಅಂತ ಹಾಕಿದ ಚಿಹ್ನೆ ಮಾಯವಾಗುತ್ತೆ. ಕಥೆ ಪುಸ್ತಕದಲ್ಲಿ ಅಕ್ಷರ ತಪ್ಪಿದರೆ ಓದುಗ ಸರಿ ಮಾಡಿಕೊಳ್ಳುತ್ತಾನೆ. ಇಲ್ಲಿ ಅರ್ಧ ಚಮಚ ಉಪ್ಪು ಐದು ಚಮಚ ಆದರೆ ಮುಗೀತು. ಅಳತೆಗಳನ್ನು ಅಕ್ಷರದಲ್ಲೂ ಬರೆಯಿರಿ. ಕೊನೆ ಪ್ರೂಫ್ ಕಾಗದದ ಮೇಲೆ ನೋಡದೆ ಸಹಿ ಹಾಕಬೇಡಿ. ನಮ್ಮ ಪರಿಚಯದ ಒಬ್ಬರಿಗೆ ಒಂದು ಪ್ರೆಸ್‌ನವರು ಎರಡನೇ ಪ್ರೂಫ್ ತೋರಿಸದೇ ಅಚ್ಚು ಹಾಕಿಬಿಟ್ಟಿದ್ದರು.

ಬೈಂಡಿಂಗ್ ಮುಖ್ಯ. ಬರೀ ಗೋಂದು ಹಾಕಿದ ಪುಸ್ತಕ ಅಡುಗೆಮನೆಯಲ್ಲಿ ಮಲಗಲ್ಲ, ಬಿಟ್ಟರೆ ಮುಚ್ಚಿಕೊಳ್ಳುತ್ತೆ. ಒತ್ತಿ ಹಿಡಿದರೆ ಹಾಳೆ ಕಿತ್ತು ಬರುತ್ತೆ. ಫಾರಂ ಫಾರಂ (ಮಡಚಿದ ಪುಟಗಳ ಕಂತೆ) ಹೊಲಿದ ಬೈಂಡಿಂಗ್ ಕೇಳಿ, ಖರ್ಚು ಸ್ವಲ್ಪ ಜಾಸ್ತಿ, ಆದರೆ ಬಿಚ್ಚಿಟ್ಟರೆ ಬಿಚ್ಚಿದ ಹಾಗೇ ಇರುತ್ತೆ. ತಂತಿ ಸುರುಳಿಯೂ ಆಗುತ್ತೆ, ಆದರೆ ಬೆನ್ನ ಮೇಲೆ ಹೆಸರು ಬರಲ್ಲ, ಅಂಗಡಿಯವರು ಇಡೋಕೆ ಹಿಂದೆ ಮುಂದೆ ನೋಡ್ತಾರೆ. ಒಂದು ಫಾರಂ ಅಂದರೆ 16 ಪುಟ. ಪುಟದ ಲೆಕ್ಕ ಅದಕ್ಕೆ ಹೊಂದಿಸಿದರೆ ಕಾಗದ ದಂಡವಾಗಲ್ಲ. ಎಲ್ಲ ಪುಟಕ್ಕೂ ಬಣ್ಣ ಬೇಡ. ಫೋಟೋಗಳನ್ನೆಲ್ಲ ಒಂದೇ ಫಾರಂನಲ್ಲಿ ನುಣುಪಾದ ಆರ್ಟ್ ಪೇಪರ್ ಮೇಲೆ ಹಾಕಿ, ಉಳಿದದ್ದಕ್ಕೆ ಮಾಮೂಲಿ ಮ್ಯಾಪ್ಲಿತೋ ಕಾಗದ ಸಾಕು.

ಚಿತ್ರದುರ್ಗದಿಂದ, ನಿವೃತ್ತ ಗ್ರಂಥಪಾಲಕರು

ನೀವು ಕೇಳಿದ ನಂಬರು, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ ತಾಯಿ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್‌ನಲ್ಲಿ ಅರ್ಜಿ ತಗೊಂಡು ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಾಶನ ಮಾಡುವವರಿಗೂ ಸಿಗುತ್ತದೆ. ಮಾಡಿಸಿಕೊಡುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರಿದ್ದಾರೆ, ಹುಷಾರು. ಅಚ್ಚಾದ ಮೇಲೆ 1954ರ ಕಾಯ್ದೆ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು. ಗ್ರಂಥಾಲಯ ಇಲಾಖೆಯ ಖರೀದಿಗೂ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಸಾವಿರ ಪ್ರತಿ ಹಾಕಿಸಬೇಡಿ. ಮುನ್ನೂರಕ್ಕೆ ಶುರು ಮಾಡಿ, ಗಲ್ಲಾ ಪಕ್ಕದಲ್ಲೇ ಇಡಿ. ಊಟ ಮಾಡಿ ಎದ್ದವರಷ್ಟು ಒಳ್ಳೆ ಗಿರಾಕಿ ಯಾವ ಪುಸ್ತಕದ ಅಂಗಡಿಯಲ್ಲೂ ಸಿಗಲ್ಲ.

ನಿಮ್ಮ ಮಾವನವರಿಗೆ ಹೇಳಿ: ಆ ಯೂಟಾದವರ ಮೊದಲ ಪುಸ್ತಕ ಬಂದದ್ದು 2004ರಲ್ಲಿ. ಹೋಟೆಲ್ ಮುಚ್ಚಲಿಲ್ಲ, 2017ರಲ್ಲಿ ಇನ್ನೊಂದು ಪುಸ್ತಕವೂ ಬಂತು. ಸಾಮಾನಿನ ಪಟ್ಟಿಗೆ ಯಾರದ್ದೂ ಹಕ್ಕಿರಲ್ಲ, ನಿಜ. ಆದರೆ ನೀವು ಬರೆದ ಮಾತು, ತೆಗೆದ ಫೋಟೋ ನಿಮ್ಮದೇ, ಕಾಪಿ ಹೊಡೆದರೆ ಕೇಳಬಹುದು. ಅಷ್ಟೂ ಭಯ ಇದ್ದರೆ ಸಾರಿನ ಪುಡಿ ಒಂದನ್ನು ಬರೆಯದೆ, ಅದನ್ನು ಪೊಟ್ಟಣ ಕಟ್ಟಿ ಪುಸ್ತಕದ ಜೊತೆ ಮಾರಿ.

ಚಳ್ಳಕೆರೆಯಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ಪುಡಿ ಪೊಟ್ಟಣದ ಮಾತು ಕೇಳಿ ಮಾವ ಒಪ್ಪಿದರು. ಅತ್ತೆಗೆ ಮಳೆ ಹೆಸರಿನ ಲೆಕ್ಕ ಬಾಯಿಪಾಠ. ರೋಹಿಣಿಯಿಂದ ಸ್ವಾತಿವರೆಗೆ ಒಂದೇ ಉಸಿರಿಗೆ ಹೇಳಿ, ಯಾವುದಕ್ಕೆ ಯಾವ ಸಾರು ಅಂತ ಅವರೇ ಬರೆಸಲು ಶುರು ಮಾಡಿದ್ದಾರೆ. ತಕ್ಕಡಿ ತರಿಸಿದ್ದೇನೆ, ಇನ್ನೂ ತೋರಿಸಿಲ್ಲ. ಡಿಟಿಪಿ ಅಣ್ಣ, ದಾವಣಗೆರೆಯಲ್ಲಿ ಹೊಲಿಗೆ ಬೈಂಡಿಂಗ್ ಎಲ್ಲಿ ಮಾಡುತ್ತಾರೆ ಅಂತ ವಿಚಾರಿಸಿಡಿ. ದೀಪಾವಳಿ ಆದಮೇಲೆ ಒಂದು ದಿನ ಬರುತ್ತೇನೆ, ಶೇಂಗಾ ಚಟ್ನಿಪುಡಿಯೂ ತರುತ್ತೇನೆ.